ಕಾದು ಕುಳಿತ ಬಡಿತ

1951ರ ಡಿಸೆಂಬರ್ 25ರಂದು ಬಜಪೆಯ ಗುಡ್ಡದ ಮೇಲೆ ಜವಾಹರಲಾಲ್ ನೆಹರೂ ಅವರನ್ನು ಹೊತ್ತ ಡಗ್ಲಸ್ ಡಿಸಿ-3 ವಿಮಾನ ಇಳಿಯಿತು. ಮಂಗಳೂರು ವಿಮಾನ ನಿಲ್ದಾಣದ ಚರಿತ್ರೆ ಶುರುವಾಗುವುದು ಅಲ್ಲಿಂದ. ಆ ಕಾಲದಲ್ಲಿ ಭಾರತದಲ್ಲಿ ಹಾರುತ್ತಿದ್ದ ಡಕೋಟಾಗಳಿಗೆ, ಅಂದರೆ ಡಿಸಿ-3ರ ಬಳಗಕ್ಕೆ, ಸಾಮಾನ್ಯವಾಗಿ ಇರುತ್ತಿದ್ದುದು ಟ್ವಿನ್ ವಾಸ್ಪ್ ಎಂಬ ಎಂಜಿನ್. ರೆಕ್ಕೆಗೊಂದು ಎಂಜಿನ್, ಎಂಜಿನ್ನಿಗೆ 14 ಸಿಲಿಂಡರ್, ಸಿಲಿಂಡರಿಗೆ ಎರಡು ಸ್ಪಾರ್ಕ್ ಪ್ಲಗ್. ಲೆಕ್ಕ ಹಾಕಿದರೆ ವಿಮಾನಕ್ಕೆ 56 ಪ್ಲಗ್ಗುಗಳು. ಸ್ಕೂಟರಿನ ಸಿಲಿಂಡರಿಗೆ ಒಂದು ಪ್ಲಗ್ ಸಾಕಾಗುವಾಗ ವಿಮಾನಕ್ಕೆ ಎರಡೆರಡು ಏಕೆ? ಸ್ಕೂಟರ್ ನಿಂತರೆ ರಸ್ತೆಯ ಬದಿಗೆ ತಳ್ಳಬಹುದು, ಆಕಾಶಕ್ಕೆ ಬದಿ ಇಲ್ಲ. ಪ್ಲಗ್ಗಿಗೆ ವಿದ್ಯುತ್ ಕೊಡುವ ಮ್ಯಾಗ್ನೆಟೊ ಕೂಡ ಎಂಜಿನ್ನಿಗೆ ಎರಡು. ಮ್ಯಾಗ್ನೆಟೊ ಎಂದರೆ ಅಯಸ್ಕಾಂತವನ್ನು ತಿರುಗಿಸಿ ಕಿಡಿ ಹುಟ್ಟಿಸುವ ಪುಟ್ಟ ಯಂತ್ರ. ಅದಕ್ಕೆ ಬ್ಯಾಟರಿಯ ಹಂಗಿಲ್ಲ, ಎಂಜಿನ್ ತಿರುಗುತ್ತಿರುವಷ್ಟು ಹೊತ್ತು ಅದು ಕಿಡಿ ಕೊಡುತ್ತದೆ. ಒಂದು ಮ್ಯಾಗ್ನೆಟೊ ಪ್ರತಿ ಸಿಲಿಂಡರಿನ ಒಂದು ಪ್ಲಗ್ಗನ್ನು ನೋಡಿಕೊಂಡರೆ ಇನ್ನೊಂದು ಮ್ಯಾಗ್ನೆಟೊ ಇನ್ನೊಂದು ಪ್ಲಗ್ಗನ್ನು ನೋಡಿಕೊಳ್ಳುತ್ತದೆ. ಒಂದು ಸತ್ತರೂ ಎಂಜಿನ್ ನಿಲ್ಲುವುದಿಲ್ಲ, ಬಲ ಸ್ವಲ್ಪ ಕುಗ್ಗುತ್ತದೆ ಅಷ್ಟೆ. ಫ್ಲೈಯಿಂಗ್ ಕ್ಲಬ್ಬುಗಳ ಸಣ್ಣ ಸೆಸ್ನಾ ವಿಮಾನಗಳಲ್ಲಿ ಇವತ್ತಿಗೂ ಇದೇ ಏರ್ಪಾಡು.

ಹೃದಯದ ಬಗ್ಗೆ ಬರೆಯುವವರಿಗೆ ಈ ಜೋಡಿ ಮ್ಯಾಗ್ನೆಟೊ ಬಹಳ ಇಷ್ಟದ ಹೋಲಿಕೆ. ಹೃದಯಕ್ಕೂ ತನ್ನದೇ ಕಿಡಿ ಇದೆ, ಅದು ಕೆಟ್ಟರೆ ಎರಡನೆಯದು, ಅದೂ ಕೆಟ್ಟರೆ ಮೂರನೆಯದು. ಎಂಜಿನಿಯರು ಎರಡಕ್ಕೇ ನಿಲ್ಲಿಸಿದ, ಪ್ರಕೃತಿ ಮೂರು ಕೊಟ್ಟಿದೆ ಎನ್ನುತ್ತಾರೆ. ಕೇಳಲು ಹಿತವಾಗಿದೆ. ಆದರೆ ಈ ಹೋಲಿಕೆಯನ್ನು ಅರ್ಧಕ್ಕೇ ಬಿಟ್ಟರೆ ಅದು ಸುಳ್ಳು ಧೈರ್ಯ ಕೊಡುತ್ತದೆ, ಆ ಧೈರ್ಯ ಜೀವಕ್ಕೆ ಎರವಾಗಬಹುದು ಎಂಬುದು ನನ್ನ ವಾದ. ವಿಮಾನದ ಎರಡನೇ ಮ್ಯಾಗ್ನೆಟೊ ಪ್ರಯಾಣವನ್ನು ಮುಂದುವರಿಸುವಷ್ಟು ಸಮರ್ಥ. ಹೃದಯದ ಎರಡನೇ, ಮೂರನೇ ಲಯಗಳು ಪ್ರಯಾಣ ಮುಂದುವರಿಸಲು ಇರುವವಲ್ಲ. ನೆಲ ಮುಟ್ಟುವ ತನಕ ಉಸಿರು ಹಿಡಿದಿಡಲು ಇರುವಂಥವು. ಅವು ಕೊಡುವುದು ಆರೋಗ್ಯವನ್ನಲ್ಲ, ಅವಧಿಯನ್ನು. ಆ ಅವಧಿಯನ್ನು ಸುತ್ತ ಇರುವ ಮನುಷ್ಯರು ಹೇಗೆ ಬಳಸಿಕೊಳ್ಳುತ್ತಾರೆ ಎಂಬುದರ ಮೇಲೆ ಉಳಿದದ್ದೆಲ್ಲ ನಿಂತಿದೆ.

ಮೊದಲು ಹೃದಯದ ಒಳಗಿನ ಏಣಿಯನ್ನು ನೋಡೋಣ. ಬಲ ಮೇಲ್ಕೋಣೆಯ ನೆತ್ತಿಯಲ್ಲಿ ಸೈನಸ್ ನೋಡ್ ಎಂಬ ಜೀವಕೋಶಗಳ ಸಣ್ಣ ಗುಂಪಿದೆ. ವಿಶ್ರಾಂತಿಯಲ್ಲಿ ನಿಮಿಷಕ್ಕೆ 60ರಿಂದ 100 ಸಲ ಅಲ್ಲಿ ವಿದ್ಯುತ್ ಮಿಡಿಯುತ್ತದೆ, ಆ ಮಿಡಿತ ಮೇಲ್ಕೋಣೆಗಳಲ್ಲಿ ಹರಡುತ್ತದೆ. ಮೇಲಿನ ಮತ್ತು ಕೆಳಗಿನ ಕೋಣೆಗಳ ಗಡಿಯಲ್ಲಿ ಎ.ವಿ. ನೋಡ್ ಎಂಬ ಒಂದೇ ಒಂದು ಬಾಗಿಲು. ಅದು ಮಿಡಿತವನ್ನು ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ತಡೆದು, ಮೇಲಿನ ರಕ್ತ ಕೆಳಗಿಳಿಯಲು ಸಮಯ ಕೊಟ್ಟು, ಆಮೇಲೆ ಕೆಳಕ್ಕೆ ಬಿಡುತ್ತದೆ. ಅಲ್ಲಿಂದ ಹಿಸ್ ಕಟ್ಟು, ಅದರ ಕವಲುಗಳು, ಕೊನೆಗೆ ಕೆಳಕೋಣೆಗಳ ಒಳಗೋಡೆಯಲ್ಲಿ ಬೇರಿನಂತೆ ಹರಡಿದ ಪರ್ಕಿಂಜಿ ತಂತುಗಳು. ದಿನಕ್ಕೆ ಸುಮಾರು ಒಂದು ಲಕ್ಷ ಸಲ ನಡೆಯುವ ಈ ಇಳಿಜಾರಿನ ಓಟದಲ್ಲಿ ವಿಶೇಷವೊಂದಿದೆ. ದಾರಿಯಲ್ಲಿರುವ ಈ ಕೋಶಗಳು ಬರೀ ತಂತಿಗಳಲ್ಲ. ಮೇಲಿನಿಂದ ಸುದ್ದಿ ಬಾರದೇ ಹೋದರೆ ತಾವೇ ಮಿಡಿಯಬಲ್ಲವು. ಎ.ವಿ. ನೋಡಿನ ಆಸುಪಾಸಿನವು ನಿಮಿಷಕ್ಕೆ 40ರಿಂದ 60, ಕೆಳಗಿನ ಪರ್ಕಿಂಜಿ ತಂತುಗಳು 20ರಿಂದ 40. ಕೆಳಕ್ಕೆ ಇಳಿದಷ್ಟೂ ನಿಧಾನ. ಈ ಏಣಿಯನ್ನು ಮನುಷ್ಯ ಹತ್ತಿದ್ದು ಮಾತ್ರ ಕೆಳಗಿನಿಂದ. ಪರ್ಕಿಂಜಿ ಎಂಬ ವಿಜ್ಞಾನಿ ಕುರಿಯ ಹೃದಯದಲ್ಲಿ ಆ ತಂತುಗಳನ್ನು ಕಂಡದ್ದು 1839ರಲ್ಲಿ, ಆದರೆ ಅವು ಏಕೆ ಇವೆ ಎಂಬುದು ಆತನಿಗೆ ಹೊಳೆಯಲಿಲ್ಲ. ವಿಲ್ಹೆಲ್ಮ್ ಹಿಸ್ 1893ರಲ್ಲಿ ಕಟ್ಟನ್ನು ಗುರುತಿಸಿದರು. ಜರ್ಮನಿಯ ಮಾರ್ಬುರ್ಗಿನಲ್ಲಿ ಓದುತ್ತಿದ್ದ ಜಪಾನಿನ ಸುನಾವೊ ತವಾರಾ 1906ರಲ್ಲಿ ನಡುಬಾಗಿಲನ್ನು ವಿವರಿಸಿದರು. ಮರುವರ್ಷ ಆರ್ಥರ್ ಕೀತ್ ಮತ್ತು ಅವರ ವಿದ್ಯಾರ್ಥಿ ಮಾರ್ಟಿನ್ ಫ್ಲ್ಯಾಕ್ ಎಲ್ಲಕ್ಕೂ ಮೇಲಿನ ಸೈನಸ್ ನೋಡನ್ನು ಜಗತ್ತಿಗೆ ತೋರಿಸಿದರು. ಅದನ್ನು ಅವರು ಮೊದಲು ಕಂಡದ್ದು ನೆಲ ಅಗೆಯುವ ಮೋಲ್ ಎಂಬ ಪುಟ್ಟ ಪ್ರಾಣಿಯ ಹೃದಯದಲ್ಲಿ. ಬದಲಿ ಲಯ ಇದೆ ಎಂಬುದು ಇದಕ್ಕೂ ಮೊದಲೇ ಗೊತ್ತಿತ್ತು. 1852ರಲ್ಲಿ ಸ್ಟಾನಿಯಸ್ ಎಂಬಾತ ಕಪ್ಪೆಯ ಹೃದಯಕ್ಕೆ ನೂಲಿನಿಂದ ಗಂಟು ಬಿಗಿದು ಮೇಲಿನ ಸಂಪರ್ಕ ಕಡಿದಾಗ, ಕೆಳಗಿನ ಭಾಗ ಮೊದಲು ನಿಂತಿತು. ಸ್ವಲ್ಪ ಹೊತ್ತಿನ ಮೇಲೆ ತನ್ನಷ್ಟಕ್ಕೆ, ಹಿಂದಿಗಿಂತ ನಿಧಾನವಾಗಿ, ಬಡಿಯತೊಡಗಿತು. ಮೊದಲು ನಿಂತದ್ದು, ಆಮೇಲೆ ನಿಧಾನವಾದದ್ದು: ಈ ಎರಡು ಸಂಗತಿಗಳನ್ನು ನೆನಪಿನಲ್ಲಿ ಇಟ್ಟುಕೊಳ್ಳಬೇಕು, ಮುಂದಿನ ಮಾತೆಲ್ಲ ಅವುಗಳದ್ದೇ.

ಮ್ಯಾಗ್ನೆಟೊಗಳಿಗೂ ಹೃದಯಕ್ಕೂ ಇರುವ ಮೂಲ ವ್ಯತ್ಯಾಸ ಇದು: ಎರಡು ಮ್ಯಾಗ್ನೆಟೊಗಳು ಒಟ್ಟಿಗೇ ದುಡಿಯುತ್ತವೆ. ಒಂದು ಕೆಲಸ ಮಾಡಿ ಇನ್ನೊಂದು ಮಲಗಿರುವುದಿಲ್ಲ. ಹೃದಯದಲ್ಲಿ ಹಾಗಲ್ಲ, ಒಂದು ಆಳುತ್ತದೆ, ಉಳಿದವು ಕಾಯುತ್ತವೆ. ಹಾಗಾದರೆ ಪ್ರಕೃತಿ ಎಂಜಿನಿಯರನಿಗಿಂತ ಹಿಂದುಳಿಯಿತೇ, ಒಂದೇ ವೇಗದ ಎರಡು ಸೈನಸ್ ನೋಡುಗಳನ್ನು ಎರಡು ಕಡೆ ಇಟ್ಟು ಒಟ್ಟಿಗೇ ದುಡಿಸಬಹುದಿತ್ತಲ್ಲ ಎಂದು ಯಾರಾದರೂ ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಎಂಜಿನ್ನಿನಲ್ಲಿ ಕಿಡಿ ಕೊಡುವುದು ಮ್ಯಾಗ್ನೆಟೊ, ಕಿಡಿ ಯಾವಾಗ ಎಂದು ಹೇಳುವುದು ಮಾತ್ರ ಅದಲ್ಲ. ಎರಡೂ ಮ್ಯಾಗ್ನೆಟೊಗಳು ಹಲ್ಲುಚಕ್ರಗಳ ಮೂಲಕ ಒಂದೇ ಕ್ರ್ಯಾಂಕ್‌ಶಾಫ್ಟಿಗೆ ಬಿಗಿದುಕೊಂಡಿವೆ, ಕಾಲ ಅಲ್ಲಿಂದ ಬರುತ್ತದೆ. ಹೃದಯಕ್ಕೆ ಕ್ರ್ಯಾಂಕ್‌ಶಾಫ್ಟ್ ಇಲ್ಲ. ಅಲ್ಲಿ ಕಿಡಿ ಕೊಡುವವನೇ ಕಾಲವನ್ನೂ ಎಣಿಸಬೇಕು. ಕರಾವಳಿಯವರಿಗೆ ಇದನ್ನು ಯಕ್ಷಗಾನದ ರಂಗಸ್ಥಳದಿಂದ ವಿವರಿಸುವುದು ಸುಲಭ. ದ್ವಂದ್ವದಲ್ಲಿ ಇಬ್ಬರು ಭಾಗವತರು ಹಾಡುತ್ತಾರೆ, ಆದರೆ ತಾಳ ಒಂದೇ. ಇಬ್ಬರೂ ತಮ್ಮ ತಮ್ಮ ಎಣಿಕೆಯ ತಾಳ ಹಿಡಿದರೆ ವೇಷ ಯಾರಿಗೆ ಹೆಜ್ಜೆ ಹಾಕಬೇಕು? ಮ್ಯಾಗ್ನೆಟೊಗಳದ್ದು ದ್ವಂದ್ವ. ಹೃದಯದ್ದು ಒಬ್ಬ ಭಾಗವತರು ದಣಿದಾಗ ಮಾತ್ರ ಇನ್ನೊಬ್ಬರು ಜಾಗಟೆ ಕೈಗೆತ್ತಿಕೊಳ್ಳುವ ಪದ್ಧತಿ. ಕೈಗೆತ್ತಿಕೊಳ್ಳುವ ನಿಯಮವೂ ಬಹಳ ಸರಳ. ಮೇಲಿನಿಂದ ವೇಗದ ಮಿಡಿತ ಬರುವಾಗಲೆಲ್ಲ ಕೆಳಗಿನ ನಿಧಾನದ ಕೋಶದ ಎಣಿಕೆ ಅರ್ಧಕ್ಕೇ ಅಳಿಸಿ ಮತ್ತೆ ಒಂದರಿಂದ ಶುರುವಾಗುತ್ತದೆ. ತನ್ನ ಎಣಿಕೆ ಮುಗಿಯುವ ಅವಕಾಶ ಅದಕ್ಕೆ ಸಿಗುವುದು ಮೇಲಿನವನು ಸುಮ್ಮನಾದಾಗ ಮಾತ್ರ. ಆದ್ದರಿಂದಲೇ ಬದಲಿಯವರು ನಿಧಾನ ಇರಬೇಕು. ನಿಧಾನವೇ ಅವರ ವಿನಯ.

ಇದು ಬರೀ ತರ್ಕವಲ್ಲ, ಮನುಷ್ಯ ಒಮ್ಮೆ ತಪ್ಪು ಮಾಡಿ ಕಲಿತ ಪಾಠ. 1958ರ ಅಕ್ಟೋಬರ್ 8ರಂದು ಸ್ಟಾಕ್‌ಹೋಮಿನಲ್ಲಿ ಶಸ್ತ್ರವೈದ್ಯ ಓಕೆ ಸೆನ್ನಿಂಗ್, ಎಂಜಿನಿಯರ್ ರೂನೆ ಎಲ್ಮ್‌ಕ್ವಿಸ್ಟ್ ತಯಾರಿಸಿದ ಪೇಸ್‌ಮೇಕರನ್ನು ಆರ್ನೆ ಲಾರ್ಸನ್ ಎಂಬುವರ ದೇಹದೊಳಗೆ ಇಟ್ಟರು. ಆ ಮೊದಲ ಯಂತ್ರ ಕೆಲವೇ ಗಂಟೆಗಳಲ್ಲಿ ಕೆಟ್ಟಿತು. ಲಾರ್ಸನ್ ಮಾತ್ರ ಮುಂದೆ ಇಪ್ಪತ್ತಕ್ಕೂ ಹೆಚ್ಚು ಪೇಸ್‌ಮೇಕರುಗಳನ್ನು ಬದಲಾಯಿಸಿಕೊಂಡು 2001ರವರೆಗೆ ಬದುಕಿದರು. ಆ ಆರಂಭದ ಯಂತ್ರಗಳು ಗಡಿಯಾರದಂತೆ ಒಂದೇ ವೇಗದಲ್ಲಿ ಮಿಡಿಯುತ್ತಿದ್ದವು, ಹೃದಯ ಏನು ಮಾಡುತ್ತಿದೆ ಎಂದು ಕೇಳಿಸಿಕೊಳ್ಳುತ್ತಿರಲಿಲ್ಲ. ರೋಗಿಯ ಸ್ವಂತ ಬಡಿತ ಮರಳಿದಾಗ ಒಂದು ಎದೆಯಲ್ಲಿ ಎರಡು ತಾಳ. ಯಂತ್ರದ ಕಿಡಿ ತಪ್ಪು ಗಳಿಗೆಯಲ್ಲಿ, ಅಂದರೆ ಸ್ನಾಯು ಹಿಂದಿನ ಬಡಿತದಿಂದ ಇನ್ನೂ ಚೇತರಿಸಿಕೊಳ್ಳುತ್ತಿರುವಾಗ, ಬಿದ್ದರೆ ಕೆಳಕೋಣೆಗಳು ಲಯ ಕಳೆದುಕೊಂಡು ಅದುರತೊಡಗುವ ಅಪಾಯವಿತ್ತು. 1960ರ ದಶಕದ ನಡುವೆ ಬಂದ ಹೊಸ ಪೇಸ್‌ಮೇಕರುಗಳು ಮೊದಲು ಆಲಿಸಿ, ಹೃದಯ ಮೌನವಾಗಿದ್ದರೆ ಮಾತ್ರ ಮಿಡಿಯುವಂತೆ ಆದವು. ಪರ್ಕಿಂಜಿ ತಂತುಗಳು ಅಷ್ಟು ಕಾಲದಿಂದ ಮಾಡುತ್ತಿದ್ದುದನ್ನೇ ಯಂತ್ರ ಕೊನೆಗೆ ಕಲಿಯಿತು. ಹಾಗೆಂದು ಹೃದಯದಲ್ಲಿ ಮ್ಯಾಗ್ನೆಟೊ ಥರದ ಜೋಡಿದುಡಿಮೆ ಇಲ್ಲವೇ ಇಲ್ಲ ಎನ್ನುವಂತಿಲ್ಲ. ಸೈನಸ್ ನೋಡ್ ಒಂದು ಕೋಶವಲ್ಲ, ಸಾವಿರಾರು ಕೋಶಗಳ ಸಂತೆ. ಅವು ಒಂದನ್ನೊಂದು ಎಳೆದುಕೊಂಡು ಒಟ್ಟಾಗಿ ಮಿಡಿಯುತ್ತವೆ, ಕೆಲವು ಸತ್ತರೂ ಉಳಿದವು ಲಯ ಹಿಡಿಯುತ್ತವೆ. ಮೆದುಳಿನಿಂದ ಬರುವ ನರಗಳ ಹಂಗೂ ಅದಕ್ಕಿಲ್ಲ, ಮ್ಯಾಗ್ನೆಟೊಗೆ ಬ್ಯಾಟರಿಯ ಹಂಗಿಲ್ಲದಂತೆ. ಕಸಿ ಮಾಡಿದ ಹೃದಯದ ನರಗಳೆಲ್ಲ ಕಡಿದಿದ್ದರೂ ಅದು ಹೊಸ ಎದೆಯಲ್ಲಿ ನಿಮಿಷಕ್ಕೆ 90–110ರಂತೆ ಬಡಿಯುತ್ತಿರುತ್ತದೆ. ಮ್ಯಾಗ್ನೆಟೊದ ಹೋಲಿಕೆಗೆ ಸರಿಯಾದ ಜಾಗ ಇದ್ದರೆ ಅದು ಸೈನಸ್ ನೋಡಿನ ಒಳಗೆ. ಅದರಿಂದ ಕೆಳಗಿನ ಮೆಟ್ಟಿಲುಗಳಲ್ಲಿ ಅಲ್ಲ.

ಕೆಳಗಿನ ಮೆಟ್ಟಿಲುಗಳಿಗೆ ಹತ್ತಿರದ ಹೋಲಿಕೆ ವಿಮಾನದಲ್ಲಿ ಇಲ್ಲ, ಮನೆಯ ಇನ್ವರ್ಟರಿನಲ್ಲಿ ಇದೆ. ಆಟಿಯ ಮಳೆಗೆ ಮರ ಬಿದ್ದು ಮೆಸ್ಕಾಂ ಲೈನು ಹೋದಾಗ ಒಂದು ಕ್ಷಣ ಕತ್ತಲೆ, ಆಮೇಲೆ ದೀಪ ಉರಿಯುತ್ತದೆ, ಫ್ಯಾನ್ ತಿರುಗುತ್ತದೆ. ಆದರೆ ಗ್ರೈಂಡರ್ ಹಾಕುವಂತಿಲ್ಲ, ಬಾವಿಯ ಪಂಪು ಹಾಕುವಂತಿಲ್ಲ. ಲೆಕ್ಕ ನೋಡಿ. ಒಂದು ಬಡಿತಕ್ಕೆ 70 ಮಿಲಿಲೀಟರ್ ರಕ್ತ, ನಿಮಿಷಕ್ಕೆ 72 ಬಡಿತ ಎಂದರೆ ಸುಮಾರು 5 ಲೀಟರ್. ಬಡಿತ 30ಕ್ಕೆ ಇಳಿದಾಗ ಕೋಣೆ ತುಂಬಲು ಹೆಚ್ಚು ಸಮಯ ಸಿಗುವುದರಿಂದ ಒಂದೊಂದು ಬಡಿತ ಹೆಚ್ಚು ರಕ್ತ ದೂಡಬಹುದು. 100 ಮಿಲಿಲೀಟರ್ ಎಂದೇ ಇಟ್ಟುಕೊಂಡರೂ 3 ಲೀಟರಿಗೆ ನಿಂತಿತು. ಕುರ್ಚಿಯಲ್ಲಿ ಕೂತವರಿಗೆ ಅದು ಹೇಗೋ ಸಾಕಾಗಬಹುದು. ಎದ್ದು ನಾಲ್ಕು ಮೆಟ್ಟಿಲು ಹತ್ತಿದರೆ ದೇಹ ಹೆಚ್ಚು ಕೇಳುತ್ತದೆ, ಕೊಡಲು ಇರುವುದಿಲ್ಲ. ಏಕೆಂದರೆ ಸೈನಸ್ ನೋಡಿನಂತೆ ಓಡುವಾಗ ವೇಗ ಹೆಚ್ಚಿಸಿಕೊಳ್ಳುವ ಶಕ್ತಿ ಕೆಳಕೋಣೆಯ ಲಯಕ್ಕೆ ತೀರ ಕಡಿಮೆ. ಆಗ ಬರುವುದು ಏದುಸಿರು, ಸುಸ್ತು, ಕಣ್ಣು ಕತ್ತಲೆ ಕಟ್ಟುವುದು. ಒಂದು ಮ್ಯಾಗ್ನೆಟೊದಲ್ಲಿ ಹಾರುವ ವಿಮಾನದ ಸ್ಥಿತಿಯಲ್ಲ ಇದು. ಇನ್ವರ್ಟರಿನ ಬ್ಯಾಟರಿ ಇಳಿಯುತ್ತಿರುವ ಮನೆಯ ಸ್ಥಿತಿ.

ಇನ್ವರ್ಟರಿಗೂ ಇಲ್ಲದ ಒಂದು ದೌರ್ಬಲ್ಯ ಹೃದಯದ ಬದಲಿ ಲಯಕ್ಕೆ ಇದೆ. ಆ ನಡುವಿನ ಕತ್ತಲೆಯ ಕ್ಷಣ ಅಲ್ಲಿ ಬಹಳ ಉದ್ದವಾಗಬಹುದು. ಮೇಲಿನವನು ವೇಗವಾಗಿ ಮಿಡಿಯುತ್ತಿದ್ದಷ್ಟೂ ಕೆಳಗಿನ ಕೋಶಗಳೊಳಕ್ಕೆ ಸೋಡಿಯಂ ಹೆಚ್ಚು ನುಗ್ಗುತ್ತದೆ, ಅದನ್ನು ಹೊರಹಾಕಲು ಕೋಶದ ಗೋಡೆಯ ಪಂಪುಗಳು ಜೋರಾಗಿ ದುಡಿಯುತ್ತವೆ, ಆ ದುಡಿಮೆ ಕೋಶವನ್ನು ಇನ್ನಷ್ಟು ಮಂಪರಿಗೆ ತಳ್ಳುತ್ತದೆ. ಮೇಲಿನ ಮಿಡಿತ ಥಟ್ಟನೆ ನಿಂತಾಗ ಈ ಮಂಪರು ಇಳಿಯಬೇಕು, ಆಮೇಲೆಯೇ ಮೊದಲ ಬದಲಿ ಬಡಿತ. ಸ್ಟಾನಿಯಸನ ಕಪ್ಪೆಯ ಹೃದಯ ಮೊದಲು ನಿಂತದ್ದು ಇಂಥ ಮಂಪರಿನಲ್ಲಿ. ಮೆದುಳು ರಕ್ತವಿಲ್ಲದೆ ಹತ್ತು ಸೆಕೆಂಡಿನ ಆಸುಪಾಸಿನಲ್ಲೇ ಎಚ್ಚರ ತಪ್ಪುತ್ತದೆ. ನಿಂತಲ್ಲೇ ಬುಡ ಕಡಿದ ಬಾಳೆಯಂತೆ ಬೀಳುವುದು, ಮುಖ ಬಿಳಿಚುವುದು, ಅರೆನಿಮಿಷದಲ್ಲಿ ಎದ್ದು ಕುಳಿತು ಮುಖ ಕೆಂಪೇರುವುದು. 1827ರಲ್ಲಿ ರಾಬರ್ಟ್ ಆಡಮ್ಸ್, 1846ರಲ್ಲಿ ವಿಲಿಯಂ ಸ್ಟೋಕ್ಸ್ ಎಂಬ ಡಬ್ಲಿನ್ನಿನ ವೈದ್ಯರು ನಿಧಾನ ನಾಡಿಯ ಜೊತೆಗೆ ವರ್ಣಿಸಿದ್ದು ಇಂಥ ಬೀಳುವಿಕೆಯನ್ನು. ಎದ್ದು ಕುಳಿತವರು ಈಗ ಏನೂ ಇಲ್ಲ ಎನ್ನುತ್ತಾರೆ. ಮನೆಯವರು ಪಿತ್ತ ಏರಿರಬೇಕು, ಹೊಟ್ಟೆ ಖಾಲಿ ಇತ್ತು, ವಯಸ್ಸಾಯಿತಲ್ಲ ಎಂದು ಸಮಾಧಾನ ಪಟ್ಟುಕೊಳ್ಳುತ್ತಾರೆ. ನನಗೆ ಅತಿ ಹೆಚ್ಚು ಸಂಕಟ ಕೊಡುವ ಮಾತು ಈ ‘ವಯಸ್ಸಾಯಿತಲ್ಲ’. ಬದಲಿ ಲಯ ಆ ಮನುಷ್ಯನನ್ನು ಒಮ್ಮೆ ಉಳಿಸಿ ಕೊಟ್ಟಿದೆ, ಆ ಉಳಿಕೆಯನ್ನೇ ನಾವು ಆರೋಗ್ಯ ಎಂದು ಓದುತ್ತಿದ್ದೇವೆ.

ಪೈಲಟ್ ಹೀಗೆ ಓದುವುದಿಲ್ಲ. ಹಾರುವ ಮೊದಲು ಓಡುದಾರಿಯ ತುದಿಯಲ್ಲಿ ನಿಂತು ಎಂಜಿನ್ ವೇಗ ಏರಿಸಿ, ಒಂದು ಮ್ಯಾಗ್ನೆಟೊ ಆರಿಸಿ ನೋಡುತ್ತಾನೆ. ಅದನ್ನು ಹಾಕಿ, ಇನ್ನೊಂದನ್ನು ಆರಿಸಿ ನೋಡುತ್ತಾನೆ. ಸಿಲಿಂಡರಿನಲ್ಲಿ ಒಂದೇ ಕಡೆಯಿಂದ ಬೆಂಕಿ ಹಬ್ಬುವಾಗ ಉರಿ ನಿಧಾನವಾಗಿ, ಎಂಜಿನ್ನಿನ ಸುತ್ತು ನಿಮಿಷಕ್ಕೆ ಕೆಲವು ಹತ್ತುಗಳಿಂದ ನೂರು-ನೂರೈವತ್ತರವರೆಗೆ ಇಳಿಯಬಹುದು. ಹೆಚ್ಚು ಇಳಿದರೆ ಹಾರುವಂತಿಲ್ಲ. ಸ್ವಲ್ಪವೂ ಇಳಿಯದಿದ್ದರೂ ಅನುಮಾನ ಪಡಬೇಕು: ಆರಿಸಿದ ಮ್ಯಾಗ್ನೆಟೊ ನಿಜವಾಗಿ ಆರಿಲ್ಲ ಎಂದೇ ಅದರ ಅರ್ಥ ಇರಬಹುದು. ಜೆಟ್ ವಿಮಾನಗಳ ಕ್ರಮ ಬೇರೆ. ಅಲ್ಲಿ ಒಮ್ಮೆ ಹೊತ್ತಿದ ಬೆಂಕಿ ತನ್ನಿಂದ ತಾನೇ ಉರಿಯುತ್ತಿರುತ್ತದೆ, ಕಿಡಿ ಬೇಕಾಗುವುದು ಹೊತ್ತಿಸಲು ಮತ್ತು ಆರುವ ಭಯ ಇರುವಾಗ. ಇಂದು ಮಂಗಳೂರಿಗೆ ಬರುವ ಬೋಯಿಂಗ್ 737ರ ಪ್ರತಿ ಎಂಜಿನ್ನಿಗೂ ಎರಡು ಇಗ್ನೈಟರ್‌ಗಳಿವೆ. ಸಾಮಾನ್ಯವಾಗಿ ಒಂದು ಸಲ ಎಡದ್ದು, ಇನ್ನೊಂದು ಸಲ ಬಲದ್ದು ಎಂದು ಸರದಿಯಲ್ಲಿ ಬಳಸಿ ಎರಡೂ ಜೀವಂತ ಇವೆಯೇ ಎಂದು ತಿಳಿದುಕೊಳ್ಳುತ್ತಾರೆ; ಜಡಿಮಳೆಯಲ್ಲಿ ಇಳಿಯುವಾಗ ಆರದಿರಲಿ ಎಂದು ಕಿಡಿಯನ್ನು ಹಾಕಿಯೇ ಇಡುತ್ತಾರೆ. ಸುಮ್ಮನೆ ಕುಳಿತ ಬದಲಿ ವ್ಯವಸ್ಥೆ ಯಾವಾಗ ಸತ್ತಿತು ಎಂಬುದು ಅದನ್ನು ಕೇಳುವ ತನಕ ಗೊತ್ತಾಗುವುದಿಲ್ಲ. ವಾಯುಯಾನ ಈ ಭಯವನ್ನು ದಿನಚರಿಯಾಗಿ ಮಾಡಿಕೊಂಡಿದೆ. ಹೃದಯಕ್ಕೆ ಅಂಥ ದಿನಚರಿ ಇಲ್ಲ. ಆರೋಗ್ಯವಂತರಲ್ಲಿ ಬೇಕೆಂದೇ ಸೈನಸ್ ನೋಡನ್ನು ಆರಿಸಿ ನೋಡುವ ವಾಡಿಕೆ ಇಲ್ಲ. ಇಂದಿನ ತನಕ ಬಿದ್ದಿಲ್ಲ ಎಂಬುದು ಕೆಳಗಿನ ಲಯ ಗಟ್ಟಿಯಾಗಿದೆ ಎಂಬುದಕ್ಕೆ ಸಾಕ್ಷಿಯೂ ಅಲ್ಲ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ಅದರಲ್ಲಿ ಹುರುಳಿದೆ. ನಿಧಾನ ನಾಡಿಯೆಲ್ಲ ರೋಗವೇ? ಅಲ್ಲ. ವರ್ಷಗಟ್ಟಲೆ ಓಡಿದ ಕ್ರೀಡಾಪಟುವಿನ ನಾಡಿ ವಿಶ್ರಾಂತಿಯಲ್ಲಿ 45 ಇರಬಹುದು, ಗಾಢ ನಿದ್ರೆಯಲ್ಲಿ ಬಹಳ ಜನರದ್ದು 50ಕ್ಕಿಂತ ಕೆಳಗೆ ಇಳಿಯುತ್ತದೆ. ಅಲ್ಲಿ ಆಳುತ್ತಿರುವುದು ಸೈನಸ್ ನೋಡೇ, ಎಳೆದು ಓಡಿಸಿದರೆ ಅದು ವೇಗ ಏರಿಸಿಕೊಳ್ಳುತ್ತದೆ. ರಕ್ತದೊತ್ತಡಕ್ಕೆ ಕೊಡುವ ಕೆಲವು ಮಾತ್ರೆಗಳೂ ನಾಡಿ ಇಳಿಸುತ್ತವೆ. ಗ್ಲಾಕೋಮಾಕ್ಕೆ ಹಾಕುವ ಟಿಮೊಲಾಲ್ ಎಂಬ ಕಣ್ಣಿನ ಹನಿ ಕೂಡ ವೃದ್ಧರ ಹೃದಯವನ್ನು ನಿಧಾನ ಮಾಡಬಲ್ಲದು, ಇದು ಎಷ್ಟೋ ಮನೆಗಳಲ್ಲಿ ಗೊತ್ತೇ ಇರುವುದಿಲ್ಲ. ಹಾಗಾಗಿ ಎಷ್ಟು ನಿಧಾನ ಎನ್ನುವುದಕ್ಕಿಂತ, ಬಡಿಸುತ್ತಿರುವುದು ಯಾರು ಎಂಬುದು ದೊಡ್ಡ ಪ್ರಶ್ನೆ. ಅದನ್ನು ಬೆರಳು ಹೇಳುವುದಿಲ್ಲ, ಇಸಿಜಿ ಹೇಳುತ್ತದೆ. ಆದರೆ ಅರವತ್ತು ದಾಟಿದವರು ಕಾರಣವಿಲ್ಲದೆ ಬಿದ್ದು, ನಾಡಿ 40ಕ್ಕಿಂತ ಕೆಳಗಿದ್ದರೆ ಕ್ರೀಡಾಪಟುವಿನ ಉದಾಹರಣೆ ಅವರಿಗೆ ಸಲ್ಲುವುದಿಲ್ಲ. ಅದು ಅಂದೇ ಇಸಿಜಿ ಆಗಬೇಕಾದ ಸ್ಥಿತಿ.

ಎಷ್ಟು ಬದಲಿಗಳಿವೆ ಎಂಬ ಎಣಿಕೆಗಿಂತ ಅವು ಎಷ್ಟು ಬೇರೆ ಬೇರೆ ಎಂಬುದು ಮುಖ್ಯ. ಎರಡು ಮ್ಯಾಗ್ನೆಟೊಗಳನ್ನು ಒಂದೇ ಪೆಟ್ಟಿಗೆಯಲ್ಲಿಟ್ಟು ಒಂದೇ ತಿರುಗಣೆಯಿಂದ ನಡೆಸುವ ಮಾದರಿಯೊಂದು ಕೆಲವು ಸಣ್ಣ ವಿಮಾನಗಳಲ್ಲಿ ಬಂದಿತ್ತು. ಹೆಸರಿಗೆ ಎರಡು, ಆ ತಿರುಗಣೆ ಮುರಿದರೆ ಸೊನ್ನೆ. 1982ರ ಜೂನ್ 24ರ ರಾತ್ರಿ ಇಂಡೊನೇಷ್ಯಾದ ಮೇಲೆ ಹಾರುತ್ತಿದ್ದ ಬ್ರಿಟಿಷ್ ಏರ್‌ವೇಸ್‌ನ ಜಂಬೊ ಜೆಟ್ ಗಲುಂಗುಂಗ್ ಜ್ವಾಲಾಮುಖಿಯ ಬೂದಿಯೊಳಗೆ ಹೊಕ್ಕಾಗ ನಾಲ್ಕಕ್ಕೆ ನಾಲ್ಕೂ ಎಂಜಿನ್ ಆರಿದವು. ನಾಲ್ಕೂ ಉಸಿರಾಡುತ್ತಿದ್ದುದು ಒಂದೇ ಗಾಳಿಯನ್ನು. ಬೂದಿಯಿಂದ ಹೊರಬಂದ ಮೇಲೆ ಅವು ಮತ್ತೆ ಹೊತ್ತಿಕೊಂಡು ವಿಮಾನ ಜಕಾರ್ತದಲ್ಲಿ ಇಳಿಯಿತು. ಹೃದಯದಲ್ಲೂ ಇಂಥ ಒಂದು ಹಂಚಿಕೆಯ ಗಂಟಿದೆ. ಹತ್ತರಲ್ಲಿ ಎಂಟೊಂಬತ್ತು ಮಂದಿಯಲ್ಲಿ ಎ.ವಿ. ನೋಡಿಗೆ ರಕ್ತ ಕೊಡುವುದು ಬಲ ಕೊರೊನರಿ ಅಪಧಮನಿ. ಅರ್ಧಕ್ಕಿಂತ ಹೆಚ್ಚು ಮಂದಿಯಲ್ಲಿ ಸೈನಸ್ ನೋಡಿಗೂ ಅದೇ. ಆ ಒಂದು ರಕ್ತನಾಳ ಕಟ್ಟಿದ ಹೃದಯಾಘಾತದಲ್ಲಿ ಮೊದಲ ಕಿಡಿಗೂ ನಡುಬಾಗಿಲಿಗೂ ಒಟ್ಟಿಗೇ ಪೆಟ್ಟು ಬೀಳಬಹುದು. ಇನ್ನು ಕೆಳಕೋಣೆಗಳೇ ಲಯಗೆಟ್ಟು ಅದುರತೊಡಗಿದರೆ ಯಾವ ಬದಲಿ ಲಯವೂ ಉಪಯೋಗಕ್ಕೆ ಬಾರದು. ಅಲ್ಲಿ ಕೊರತೆ ಕಿಡಿಯದ್ದಲ್ಲ, ಕಿಡಿಗಳ ಗದ್ದಲವೇ ರೋಗ. ಎದೆ ಒತ್ತುವ ಕೈಗಳು ಮತ್ತು ಶಾಕ್ ಕೊಡುವ ಯಂತ್ರ, ನಿಮಿಷಗಳೊಳಗೆ, ಅದಕ್ಕಿರುವ ದಾರಿ ಇಷ್ಟೇ. ಮೂರು ಲಯಗಳಿವೆ ಎಂಬ ಸಮಾಧಾನ ಈ ಎರಡು ಕಡೆ ಪೂರ್ತಿ ಕುಸಿಯುತ್ತದೆ.

ಬದಲಿ ವ್ಯವಸ್ಥೆಯ ಇನ್ನೊಂದು ಮುಖವನ್ನು ಮಂಗಳೂರು ಅತಿ ದುಬಾರಿಯಾಗಿ ಕಂಡಿದೆ. 2010ರ ಮೇ 22ರ ಬೆಳಗ್ಗೆ ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಬಜಪೆಯ ಓಡುದಾರಿ ದಾಟಿ ಕಮರಿಗೆ ಬಿತ್ತು. 158 ಮಂದಿ ಸತ್ತರು, 8 ಮಂದಿ ಉಳಿದರು. ಎಂಜಿನ್ನುಗಳಲ್ಲಿ ದೋಷ ಇರಲಿಲ್ಲ. ವಿಮಾನ ಇರಬೇಕಾದುದಕ್ಕಿಂತ ಎತ್ತರದಲ್ಲಿದೆ, ಇಳಿಯದೆ ಮತ್ತೆ ಮೇಲೇರಬೇಕು ಎಂದು ಸಹಚಾಲಕ ಮೂರು ಸಲ ಹೇಳಿದ್ದರೂ ಕ್ಯಾಪ್ಟನ್ ಇಳಿಯುವ ಪ್ರಯತ್ನ ಬಿಡಲಿಲ್ಲ ಎಂದು ತನಿಖಾ ನ್ಯಾಯಾಲಯ ಹೇಳಿತು. ಸತ್ತವರ ಮನೆಗಳು ಈ ಜಿಲ್ಲೆಯಲ್ಲೂ ಕಾಸರಗೋಡಿನಲ್ಲೂ ಇನ್ನೂ ಇವೆ. ಆ ದುಃಖವನ್ನು ಹೋಲಿಕೆಯ ಸರಕಾಗಿ ಎತ್ತಿಕೊಳ್ಳಲು ಕೈ ಹಿಂಜರಿಯುತ್ತದೆ. ಆದರೂ ಇದನ್ನು ಹೇಳದೆ ಮುಂದೆ ಹೋಗುವುದು ಸರಿಯಲ್ಲ. ಎರಡನೆಯವರು ಎಚ್ಚರವಿದ್ದರು, ಸರಿಯಾದುದನ್ನು ಕಂಡಿದ್ದರು, ಹೇಳಿಯೂ ಇದ್ದರು. ಹೊಣೆ ಮಾತ್ರ ಕೈ ಬದಲಾಯಿಸಲಿಲ್ಲ. ಹೃದಯದಲ್ಲಿ ಕೆಳಗಿನ ಕೋಶ ಯಾರ ಅಪ್ಪಣೆಯನ್ನೂ ಕಾಯುವುದಿಲ್ಲ, ಮೌನ ಒಂದು ಮಿತಿ ದಾಟಿದೊಡನೆ ತಾನೇ ಮಿಡಿಯುತ್ತದೆ. ಮನುಷ್ಯರ ಏರ್ಪಾಡುಗಳಲ್ಲಿ ಆ ಮಿತಿಯನ್ನು ಮೊದಲೇ ಬರೆದಿಟ್ಟು, ಯಾರು ಯಾವಾಗ ಕೈಗೆತ್ತಿಕೊಳ್ಳಬೇಕು ಎಂದು ಅಭ್ಯಾಸ ಮಾಡಿಸಬೇಕಾಗುತ್ತದೆ. ಆಸ್ಪತ್ರೆಗೂ ಇದು ಸಲ್ಲುತ್ತದೆ, ಮನೆಗೂ ಸಲ್ಲುತ್ತದೆ. ಬಿದ್ದ ಅಜ್ಜನೇ ಡಾಕ್ಟರು ಬೇಡ ಎಂದಾಗ ಯಾರು ಬೇಕು ಎನ್ನಬೇಕು?

ಡಾಕ್ಟರ ಬಳಿ ಹೋದ ಮೇಲೂ ಒಂದು ಪದ ತೊಡಕು ತರುತ್ತದೆ. ನಮ್ಮ ಊರುಗಳಲ್ಲಿ ‘ಬ್ಲಾಕ್’ ಎಂದರೆ ರಕ್ತನಾಳದ ಕಟ್ಟು. ಬ್ಲಾಕ್ ಇತ್ತು, ಸ್ಟೆಂಟ್ ಹಾಕಿದರು ಎಂಬುದು ಮದುವೆ ಮನೆಯ ಮಾತಾಗಿದೆ. ವೈದ್ಯರು ‘ಹಾರ್ಟ್ ಬ್ಲಾಕ್’ ಎನ್ನುವುದು ಬೇರೆಯದನ್ನು. ಅಲ್ಲಿ ತಡೆದಿರುವುದು ರಕ್ತವಲ್ಲ, ಮೇಲಿನಿಂದ ಕೆಳಕ್ಕೆ ಇಳಿಯಬೇಕಾದ ವಿದ್ಯುತ್ತು. ಮೊದಲನೆಯದು ಪೈಪಿನ ಕೆಲಸ, ಎರಡನೆಯದು ವಯರಿಂಗಿನ ಕೆಲಸ. ಆಂಜಿಯೊಗ್ರಾಂನಲ್ಲಿ ರಕ್ತನಾಳ ಸ್ವಚ್ಛ ಕಂಡವರಿಗೂ ವಯರಿಂಗ್ ಸವೆದು ಪೇಸ್‌ಮೇಕರ್ ಬೇಕಾಗಬಹುದು. ಈ ವಯರಿಂಗಿನ ದೋಷವನ್ನು ಹಿಡಿಯಲು ದೊಡ್ಡ ಆಸ್ಪತ್ರೆಯೇ ಬೇಕೆಂದಿಲ್ಲ ಎಂಬುದು ಸಮಾಧಾನದ ಸಂಗತಿ. ಪೂರ್ಣ ಬ್ಲಾಕ್ ಆದವರ ಇಸಿಜಿ ಪಟ್ಟಿಯಲ್ಲಿ ಮೇಲ್ಕೋಣೆಯ ಸಣ್ಣ ಅಲೆಗಳು 80ರ ವೇಗದಲ್ಲಿ ತಮ್ಮ ಪಾಡಿಗೆ ಸಾಗುತ್ತಿರುತ್ತವೆ, ಕೆಳಕೋಣೆಯ ದೊಡ್ಡ ಅಲೆಗಳು 30ರಲ್ಲಿ ತಮ್ಮ ಪಾಡಿಗೆ; ಒಂದಕ್ಕೆ ಇನ್ನೊಂದರ ಪರಿವೆ ಇರುವುದಿಲ್ಲ. ಬಲ್ಲವರ ಕಣ್ಣಿಗೆ ಅದು ಒಂದು ನಿಮಿಷದ ಓದು. ಮಂಗಳೂರಿನ ಕೆಎಂಸಿಯ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತ್ 2018ರಲ್ಲಿ ‘ಕಾರ್ಡಿಯಾಲಜಿ ಅಟ್ ಡೋರ್‌ಸ್ಟೆಪ್’ ಎಂಬ ಕೆಲಸ ಆರಂಭಿಸಿ, ಹಳ್ಳಿಗಳ ಆರೋಗ್ಯ ಕೇಂದ್ರಗಳಿಗೆ ಇಸಿಜಿ ಯಂತ್ರ ಕೊಡಿಸಿ, ಪಟ್ಟಿಯ ಚಿತ್ರವನ್ನು ವಾಟ್ಸ್ಆ್ಯಪ್ ಗುಂಪಿಗೆ ಹಾಕಿದರೆ ತಜ್ಞರು ನೋಡಿ ಹೇಳುವ ದಾರಿ ಮಾಡಿದ್ದು ಈ ಲೆಕ್ಕದಲ್ಲಿ ಬಹಳ ದೊಡ್ಡದು. ಎದೆಯೊಳಗಿನ ಬದಲಿ ಲಯಕ್ಕೆ ಹೊರಗಿನಿಂದ ಸಿಗಬೇಕಾದ ಮೊದಲ ನೆರವು ಅದು.

ಸುಳ್ಯದಿಂದ ಮಂಗಳೂರಿಗೆ 80 ಕಿಲೋಮೀಟರಿಗೂ ಮಿಕ್ಕ ದಾರಿ. ಆ್ಯಂಬುಲೆನ್ಸಿನಲ್ಲಿ ಅಷ್ಟು ದೂರ ಬರುವಾಗ ಪೂರ್ಣ ಬ್ಲಾಕ್ ಆದ ರೋಗಿಯ ಮೆದುಳಿಗೆ, ಮೂತ್ರಪಿಂಡಕ್ಕೆ ರಕ್ತ ತಲುಪಿಸುತ್ತಿರುವುದು ನಿಮಿಷಕ್ಕೆ ಮೂವತ್ತು ಸಲ ಮಿಡಿಯುವ ಆ ಕಟ್ಟಕಡೆಯ ಕೋಶಗಳು. ಅವುಗಳಿಂದ ಇದಕ್ಕಿಂತ ಹೆಚ್ಚನ್ನು ಕೇಳುವಂತಿಲ್ಲ. ಆಸ್ಪತ್ರೆಯಲ್ಲಿ ಕುತ್ತಿಗೆಯ ಅಥವಾ ತೊಡೆಸಂದಿನ ರಕ್ತನಾಳದ ಮೂಲಕ ತೆಳುವಾದ ತಂತಿಯೊಂದನ್ನು ಬಲ ಕೆಳಕೋಣೆಗೆ ಇಳಿಸುತ್ತಾರೆ. ಕಾಯಂ ಪೇಸ್‌ಮೇಕರ್ ಇಡುವ ತನಕದ ತಾತ್ಕಾಲಿಕ ಏರ್ಪಾಡು ಅದು. ತಂತಿಯ ತುದಿ ಒಳಗೋಡೆಗೆ ತಾಗಿ ಮಿಡಿತ ಹಿಡಿದೊಡನೆ ಪರದೆಯ ಮೇಲೆ 30 ಇದ್ದದ್ದು 60 ಆಗುತ್ತದೆ. ಅಷ್ಟು ಹೊತ್ತು ದೇಹವನ್ನು ಹೊತ್ತು ತಂದ ಆ ಕೆಳಗಿನ ಲಯ, ತನಗಿಂತ ವೇಗದ ಕಿಡಿಯೊಂದು ಬಂದದ್ದರಿಂದ, ತನ್ನ ಎಣಿಕೆಯನ್ನು ಅರ್ಧಕ್ಕೇ ಬಿಟ್ಟು ಮತ್ತೆ ಸುಮ್ಮನಾಗುತ್ತದೆ.